ಆಫೀಸ್ ಇಮೇಲ್ ತಪ್ಪಾಗಿ ಅರ್ಥವಾದರೆ ಕೆಲಸ ಹೋಗುತ್ತದೆಯೇ? ರಾತ್ರೋರಾತ್ರಿ ರಾಜೀನಾಮೆ ಬರೆಯುವ ಮುನ್ನ ಇದನ್ನು ಓದಿ

"ಬಾಸ್‌ಗೆ ಕಳಿಸಿದ್ದು ಒಂದೇ ಒಂದು ಮೇಲ್, ಮರುದಿನ ಕೆಲಸ ಹೋಯ್ತು" ಎಂಬಂಥ ಸಂದೇಶಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಕಾಣಿಸುತ್ತವೆ. ಅವುಗಳ ಬೆನ್ನಿಗೇ ಸಲಹೆಗಳೂ ಬರುತ್ತವೆ. "ಎಚ್‌ಆರ್ ಕರೆದರೆಂದರೆ ಮುಗೀತು, ಅವರು ತೆಗೆಯುವ ಮುಂಚೆ ನೀವೇ ರಾಜೀನಾಮೆ ಕೊಟ್ಟುಬಿಡಿ." "ಮೇಲ್‌ನಲ್ಲಿ ಒಂದು ಸ್ಮೈಲಿ ಹಾಕಿ, ಯಾರೂ ತಪ್ಪು ತಿಳಿಯಲ್ಲ." "ಸಂವಹನದಲ್ಲಿ ಪದಗಳ ಪಾಲು ಬರೀ ಶೇ. 7, ಹಾಗಾಗಿ ಇಮೇಲ್ ಬರೆಯೋದೇ ದಂಡ."

ಇವುಗಳಲ್ಲಿ ಎಷ್ಟು ನಿಜ? ಈ ಬಗ್ಗೆ ನಡೆದಿರುವ ಅಧ್ಯಯನಗಳು, ನಿಜವಾಗಿ ನಡೆದ ಪ್ರಕರಣಗಳು ಮತ್ತು ನಮ್ಮ ಕಾನೂನು ಏನು ಹೇಳುತ್ತವೆ ಎಂದು ನಾವು ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಇಮೇಲ್ ತಪ್ಪಾಗಿ ಅರ್ಥವಾಗುವುದು ನಿಜ, ಅದೂ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು. ಅದರಿಂದ ಕೆಲಸಕ್ಕೆ ಕುತ್ತು ಬಂದ ಉದಾಹರಣೆಗಳೂ ಇವೆ. ಆದರೆ ಒಂದು ಮೇಲ್‌ನಿಂದ ತಂತಾನೇ ಕೆಲಸ ಹೋಗುವುದಿಲ್ಲ. ಬಹಳಷ್ಟು ಸಲ ನಷ್ಟ ಮಾಡುವುದು ಆ ಮೇಲ್ ಆದ ಮೇಲೆ ಗಾಬರಿಯಲ್ಲಿ ಮಾಡುವ ಎರಡನೇ ಕೆಲಸ: ಸಿಟ್ಟಿನ ಉತ್ತರ, ಹಂಚಿಕೊಂಡ ಸ್ಕ್ರೀನ್‌ಶಾಟ್, ಅಥವಾ ರಾತ್ರಿ ಹನ್ನೊಂದಕ್ಕೆ ಬರೆದ ರಾಜೀನಾಮೆ.

ತಪ್ಪು ತಿಳಿವಳಿಕೆ ಹುಟ್ಟುವುದು ಹೇಗೆ? ಒಂದು ಉದಾಹರಣೆ

ವಿವರಣೆಗಾಗಿ ನಾವೇ ಒಂದು ಸನ್ನಿವೇಶ ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಒಂದು ಕಂಪನಿಯ ಬಿಲ್ಲಿಂಗ್ ವಿಭಾಗದ ಉದ್ಯೋಗಿಗೆ ಅಮೆರಿಕದ ಕ್ಲೈಂಟ್‌ನಿಂದ ತಿಂಗಳ ಲೆಕ್ಕ ಬಂದಿದೆ. ಅದರಲ್ಲಿ ಒಂದು ಮೊತ್ತ ಅರ್ಥವಾಗಿಲ್ಲ. ಅವರು ಹೀಗೆ ಬರೆಯುತ್ತಾರೆ: "ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ನಂಬರ್ಸ್. ಪ್ಲೀಸ್ ರಿವರ್ಟ್ ಟುಡೇ ಇಟ್‌ಸೆಲ್ಫ್."

ಬರೆದವರ ಮನಸ್ಸಿನಲ್ಲಿ ಇದ್ದದ್ದು "ಒಂದು ಡೌಟ್ ಇದೆ ಸರ್, ಇವತ್ತೇ ಒಂಚೂರು ಉತ್ತರ ಕೊಟ್ಟರೆ ಉಪಕಾರ" ಎಂಬಷ್ಟೇ. ನಮ್ಮಲ್ಲಿ 'ಡೌಟ್' ಅಂದರೆ ಪ್ರಶ್ನೆ. ಕ್ಲಾಸಿನಲ್ಲಿ ಮೇಷ್ಟ್ರಿಗೆ ಡೌಟ್ ಕೇಳುತ್ತಲೇ ಬೆಳೆದವರು ನಾವು. ಆದರೆ ಅಮೆರಿಕದವರ ಕಿವಿಗೆ ಆ ಪದ 'ಅಪನಂಬಿಕೆ' ಎಂದು ಕೇಳಿಸುತ್ತದೆ. 'ರಿವರ್ಟ್' ಎಂದರೆ ನಮ್ಮ ಆಫೀಸುಗಳಲ್ಲಿ 'ಉತ್ತರಿಸಿ'. ಅವರಿಗೆ ಅದು 'ಮೊದಲಿದ್ದ ಸ್ಥಿತಿಗೆ ಮರಳಿಸಿ'. ಹಾಗಾಗಿ ಆ ಕಡೆಯವರು ಓದಿಕೊಳ್ಳುವುದು ಹೀಗೆ: "ನಿಮ್ಮ ಲೆಕ್ಕದ ಮೇಲೆ ನನಗೆ ನಂಬಿಕೆ ಇಲ್ಲ. ಇವತ್ತೇ ಅದನ್ನು ವಾಪಸ್ ತೆಗೆಯಿರಿ."

ಅವರು ಈ ಮೇಲನ್ನು ಉದ್ಯೋಗಿಯ ಮ್ಯಾನೇಜರ್‌ಗೆ ಕಳಿಸುತ್ತಾರೆ. ಸಂಜೆ ಮ್ಯಾನೇಜರ್‌ನಿಂದ ಒಂದು ಸಾಲು ಬರುತ್ತದೆ: "ನಾಳೆ ಹತ್ತಕ್ಕೆ ಮಾತಾಡೋಣ." ಸಿಸಿಯಲ್ಲಿ ಎಚ್‌ಆರ್ ಹೆಸರಿದೆ. ಉದ್ಯೋಗಿಗೆ ಅದರಲ್ಲಿ ಕಾಣುವುದು "ನಾಳೆಗೆ ನಿನ್ನ ಕತೆ ಮುಗಿಯಿತು" ಎಂಬ ಅರ್ಥ. ಮ್ಯಾನೇಜರ್ ಮನಸ್ಸಿನಲ್ಲಿ ಇದ್ದದ್ದು ಬಹುಶಃ "ಕ್ಲೈಂಟ್‌ಗೆ ಏನು ಹೇಳಬೇಕು ಎಂದು ಸೇರಿ ತೀರ್ಮಾನಿಸೋಣ" ಎಂಬುದಷ್ಟೇ.

ಇಲ್ಲಿ ನಡೆದದ್ದು ಒಂದಲ್ಲ, ಎರಡು ತಪ್ಪು ತಿಳಿವಳಿಕೆ. ಮೊದಲನೆಯದು ಆ ಕಡೆ, ಎರಡನೆಯದು ಈ ಕಡೆ. ಎರಡಕ್ಕೂ ಕಾರಣ ಒಂದೇ: ಇಮೇಲ್‌ನಲ್ಲಿ ಪದಗಳು ಮಾತ್ರ ಹೋಗುತ್ತವೆ, ದನಿಯನ್ನು ಓದುವವರೇ ತುಂಬಿಕೊಳ್ಳುತ್ತಾರೆ.

ನಮ್ಮ ತಲೆಯೊಳಗಿನ ರಾಗ ಬೇರೆಯವರಿಗೆ ಕೇಳಿಸುವುದಿಲ್ಲ

1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಅದು ಯಾವ ಹಾಡು ಎಂದು ಹೇಳಬೇಕು. ಅರ್ಧದಷ್ಟು ಸಲವಾದರೂ ಎದುರಿನವರು ಗುರುತಿಸುತ್ತಾರೆ ಎಂದು ತಟ್ಟುವವರು ಅಂದಾಜಿಸಿದ್ದರು. ಒಟ್ಟು 120 ಸಲ ತಟ್ಟಿದ್ದರಲ್ಲಿ ಸರಿಯಾಗಿ ಗುರುತಿಸಿದ್ದು 3 ಸಲ ಮಾತ್ರ.

ಮನೆಯಲ್ಲಿ ನೀವೇ ಮಾಡಿ ನೋಡಿ. ನಾಡಗೀತೆಯನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾ ಮೇಜು ತಟ್ಟಿ. ನಿಮಗೆ ರಾಗ, ಸಾಹಿತ್ಯ ಎಲ್ಲವೂ ಕೇಳಿಸುತ್ತಿರುತ್ತದೆ. ಎದುರಿಗೆ ಕೂತವರಿಗೆ ಕೇಳಿಸುವುದು ಟಕ್ ಟಕ್ ಶಬ್ದ. ಇಮೇಲ್ ಬರೆಯುವಾಗಲೂ ಆಗುವುದು ಇದೇ. ನಮ್ಮ ವಿನಯ, ತಮಾಷೆ, ಅವಸರ ಎಲ್ಲವೂ ನಮ್ಮ ತಲೆಯಲ್ಲಿ ಮೊಳಗುತ್ತಿರುತ್ತದೆ. ಹೋಗುವುದು ಅಕ್ಷರ ಮಾತ್ರ.

2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು ಇದನ್ನು ಇಮೇಲ್‌ನಲ್ಲೇ ಪರೀಕ್ಷಿಸಿದರು. ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ತಿಳಿಸಬೇಕಿತ್ತು. ಕೆಲವರು ಇಮೇಲ್‌ನಲ್ಲಿ ತಿಳಿಸಿದರೆ ಇನ್ನು ಕೆಲವರು ಮಾತಿನಲ್ಲಿ ತಿಳಿಸಿದರು. ಎರಡೂ ಗುಂಪಿನವರು ಸುಮಾರು ಶೇ. 78ರಷ್ಟು ಸಲ ತಮ್ಮ ಧಾಟಿ ಎದುರಿನವರಿಗೆ ಸರಿಯಾಗಿ ತಿಳಿಯುತ್ತದೆ ಎಂದುಕೊಂಡಿದ್ದರು. ಮಾತಿನಲ್ಲಿ ಆ ಅಂದಾಜು ಹೆಚ್ಚುಕಡಿಮೆ ನಿಜವಾಯಿತು. ಇಮೇಲ್‌ನಲ್ಲಿ ಮಾತ್ರ ಸರಿಯಾಗಿ ತಿಳಿದದ್ದು ಸುಮಾರು ಶೇ. 56. ನಾಣ್ಯ ಚಿಮ್ಮಿ ಹೇಳಿದ್ದರೂ ಶೇ. 50 ಸರಿಯಾಗುತ್ತಿತ್ತು!

ಇನ್ನೂ ಗಮನಿಸಬೇಕಾದ ಸಂಗತಿ ಎಂದರೆ, ಓದಿದವರಿಗೂ ತಾವು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದೇವೆ ಎಂಬ ಭರವಸೆ ಇತ್ತು. ಅಂದರೆ ತಪ್ಪಾಗಿರುವುದು ಇಬ್ಬರಿಗೂ ಗೊತ್ತೇ ಆಗುವುದಿಲ್ಲ. "ನಾನು ಸ್ಪಷ್ಟವಾಗಿಯೇ ಬರೆದಿದ್ದೆ" ಎಂದು ಒಬ್ಬರು, "ಅವರು ಬರೆದದ್ದು ಸ್ಪಷ್ಟವಾಗಿಯೇ ಇತ್ತು, ಅದು ಅವಮಾನವೇ" ಎಂದು ಇನ್ನೊಬ್ಬರು ಪಟ್ಟು ಹಿಡಿಯುವುದು ಇದಕ್ಕಾಗಿಯೇ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಓದುವವರು ಕೆಟ್ಟದ್ದನ್ನೇ ಏಕೆ ಊಹಿಸುತ್ತಾರೆ?

ಸಂಶೋಧಕಿ ಕ್ರಿಸ್ಟಿನ್ ಬೈರನ್ 2008ರ ತಮ್ಮ ಪ್ರಬಂಧದಲ್ಲಿ ಆಫೀಸ್ ಇಮೇಲ್‌ಗಳ ಬಗ್ಗೆ ಎರಡು ಮಾತು ಹೇಳಿದ್ದಾರೆ. ಸಂತೋಷದಿಂದ ಬರೆದ ಮೇಲ್ ಓದುವವರಿಗೆ ಸಪ್ಪೆಯಾಗಿ ಕಾಣುತ್ತದೆ. ಸಪ್ಪೆಯಾಗಿ ಬರೆದದ್ದು ಕಟುವಾಗಿ ಕಾಣುತ್ತದೆ. ಎಲ್ಲವೂ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ಚಿಕ್ಕ ಚುಕ್ಕೆಯೂ ಅರ್ಥ ಬದಲಿಸಬಲ್ಲದು. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ 126 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮೊಬೈಲ್ ಸಂದೇಶದ ಒಂದು ಪದದ ಉತ್ತರದ ಕೊನೆಗೆ ಪೂರ್ಣವಿರಾಮ ಇದ್ದರೆ ಅದು ಮನಸ್ಸಿನಿಂದ ಬಂದದ್ದಲ್ಲ ಎಂದು ಓದಿದವರಿಗೆ ಅನಿಸಿತ್ತು. ಅದೇ ಉತ್ತರವನ್ನು ಕೈಯಲ್ಲಿ ಬರೆದ ಚೀಟಿಯಂತೆ ತೋರಿಸಿದಾಗ ಈ ವ್ಯತ್ಯಾಸ ಕಾಣಲಿಲ್ಲ. "ಓಕೆ" ಮತ್ತು "ಓಕೆ." ನಡುವೆ ಒಂದು ಚುಕ್ಕೆಯಷ್ಟೇ ಅಂತರ, ಆದರೆ ಎರಡನೆಯದನ್ನು ನೋಡಿ ಮೂತಿ ಊದಿಸಿಕೊಂಡವರು ನಮ್ಮೆಲ್ಲರ ಗುಂಪಿನಲ್ಲೂ ಇದ್ದಾರೆ.

ಕನ್ನಡದ 'ರೀ' ಇಂಗ್ಲಿಷ್‌ಗೆ ದಾಟುವುದಿಲ್ಲ

ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಒಳಗೇ ಇರುತ್ತದೆ. "ಫೈಲ್ ಕಳಿಸು" ಬೇರೆ, "ಫೈಲ್ ಕಳಿಸಿ" ಬೇರೆ. "ಸ್ವಲ್ಪ ನೋಡಿ" ಎಂದಾಗ ಆ 'ಸ್ವಲ್ಪ'ಕ್ಕೆ ಪ್ರಮಾಣದ ಅರ್ಥವೇ ಇಲ್ಲ, ಅದು ಬರೀ ವಿನಯ. "ಹೇಳಿ ಸರ್", "ಬನ್ನಿ ಮೇಡಂ", "ಕೊಡ್ರೀ" ಎಲ್ಲದರಲ್ಲೂ ಗೌರವ ಸೇರಿಕೊಂಡೇ ಬರುತ್ತದೆ. 'ದಯವಿಟ್ಟು' ಎಂದು ಪ್ರತ್ಯೇಕವಾಗಿ ಹೇಳುವ ಅಗತ್ಯ ನಮಗೆ ಬೀಳುವುದೇ ಕಡಿಮೆ.

ಇಂಗ್ಲಿಷ್‌ನಲ್ಲಿ ಕ್ರಿಯಾಪದಕ್ಕೆ ಬಹುವಚನದ ಮರ್ಯಾದೆ ಇಲ್ಲ. "ಸೆಂಡ್ ದ ಫೈಲ್" ಎಂದರೆ ಚಿಕ್ಕ ಹುಡುಗನಿಗೂ ಅದೇ, ಕಂಪನಿಯ ಮುಖ್ಯಸ್ಥರಿಗೂ ಅದೇ. ಗೌರವವನ್ನು "ಕುಡ್ ಯೂ", "ವೆನ್ ಯೂ ಹ್ಯಾವ್ ಟೈಮ್" ಎಂದು ಹೊರಗಿನಿಂದ ತಂದು ಸೇರಿಸಬೇಕು. ಹಾಗಾಗಿ ಮನಸ್ಸಿನಲ್ಲಿ "ಕಳಿಸಿ" ಎಂದುಕೊಂಡು ಇಂಗ್ಲಿಷ್‌ನಲ್ಲಿ ಬರೆದಾಗ, ಆ ಕಡೆ "ಕಳಿಸು" ಎಂದು ಇಳಿಯುತ್ತದೆ. ಬರೆದವರಿಗೆ ತಾವು ಏಕವಚನದಲ್ಲಿ ಮಾತಾಡಿದ್ದೇವೆ ಎಂಬುದೇ ತಿಳಿದಿರುವುದಿಲ್ಲ.

"ನೋಡೋಣ" ಎಂಬ ಪದವೂ ಹೀಗೆಯೇ. ದನಿ ನೋಡಿ ಅದು ಭರವಸೆಯೋ, ನುಣುಚಿಕೊಳ್ಳುವುದೋ, ಬೆದರಿಕೆಯೋ ಎಂದು ನಮಗೆ ತಕ್ಷಣ ಗೊತ್ತಾಗುತ್ತದೆ. "ವಿ ವಿಲ್ ಸೀ" ಎಂದು ಮೇಲ್‌ನಲ್ಲಿ ಬರೆದರೆ ದನಿ ಉಳಿಯುವುದಿಲ್ಲ. ಓದುವವರು ಮೂರರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ, ಆ ಆಯ್ಕೆ ನಮ್ಮ ಕೈಯಲ್ಲಿಲ್ಲ.

ಇದು ಕಲಿತವರು, ಕಲಿಯದವರು ಎಂಬ ಪ್ರಶ್ನೆಯಲ್ಲ. ಒಂದೇ ಭಾಷೆಯನ್ನು ಹುಟ್ಟಿನಿಂದ ಆಡುವವರೂ ಎಡವಿದ್ದಾರೆ. ಎರಡನೇ ಮಹಾಯುದ್ಧದ ಸಮಯದ ಒಂದು ಸಭೆಯಲ್ಲಿ 'ಟೇಬಲ್' ಎಂಬ ಪದದ ಮೇಲೆ ಬ್ರಿಟಿಷರು ಮತ್ತು ಅಮೆರಿಕನ್ನರ ನಡುವೆ ದೀರ್ಘ ವಾದವೇ ನಡೆದುಹೋಯಿತು ಎಂದು ಚರ್ಚಿಲ್ ದಾಖಲಿಸಿದ್ದಾರೆ. ಬ್ರಿಟಿಷರಿಗೆ ಅದರರ್ಥ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವುದು. ಅಮೆರಿಕನ್ನರಿಗೆ ಅದನ್ನು ಬದಿಗಿಡುವುದು. ಇಬ್ಬರಿಗೂ ಬೇಕಿದ್ದದ್ದು ಒಂದೇ ಆಗಿತ್ತು.

"ಪದಗಳ ಪಾಲು ಶೇ. 7 ಮಾತ್ರ": ಈ ಫಾರ್ವರ್ಡ್ ತಪ್ಪು

ಸಂವಹನದಲ್ಲಿ ಶೇ. 55 ಮುಖಭಾವ, ಶೇ. 38 ದನಿ, ಶೇ. 7 ಪದ ಎಂಬ ಲೆಕ್ಕ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನೋವಿಜ್ಞಾನಿಯ 1967ರ ಪ್ರಯೋಗಗಳಿಂದ ಬಂದದ್ದು. ಆದರೆ ಆ ಪ್ರಯೋಗಗಳಲ್ಲಿ ಬಳಸಿದ್ದು ಬಿಡಿ ಬಿಡಿ ಪದಗಳನ್ನು, ಬೇರೆ ಬೇರೆ ದನಿ ಮತ್ತು ಮುಖದ ಚಿತ್ರಗಳ ಜೊತೆ. ಮಾತಾಡುವವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ ಎಂಬುದನ್ನಷ್ಟೇ ಕೇಳಲಾಗಿತ್ತು. ಭಾವನೆ ಮತ್ತು ಒಲವಿನ ವಿಷಯ ಬಿಟ್ಟರೆ ಬೇರೆಲ್ಲೂ ಈ ಲೆಕ್ಕ ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ.

ಯೋಚಿಸಿ ನೋಡಿ. ಪದಗಳ ಪಾಲು ಶೇ. 7 ಮಾತ್ರ ಎಂದಾಗಿದ್ದರೆ, ಭಾಷೆ ಬಾರದ ಸಿನಿಮಾ ನೋಡಿದರೂ ಕತೆ ಶೇ. 93ರಷ್ಟು ಅರ್ಥವಾಗಬೇಕಿತ್ತು. ಇಮೇಲ್ ವಿಷಯ ತಿಳಿಸುವುದರಲ್ಲಿ ಸಮರ್ಥವೇ ಇದೆ. ಅದು ಸೋಲುವುದು ಧಾಟಿ ತಿಳಿಸುವುದರಲ್ಲಿ.

ಸ್ಮೈಲಿ ಹಾಕಿದರೆ ಸರಿಹೋಗುತ್ತದೆಯೇ?

ಸ್ಮೈಲಿ ಹುಟ್ಟಿದ್ದೇ ಇಂಥ ಒಂದು ತಪ್ಪು ತಿಳಿವಳಿಕೆಯಿಂದ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸಂದೇಶ ಫಲಕದಲ್ಲಿ, ಲಿಫ್ಟ್‌ನಲ್ಲಿ ಪಾದರಸ ಚೆಲ್ಲಿದೆ ಎಂಬ ತಮಾಷೆಯ ಎಚ್ಚರಿಕೆಯನ್ನು ಕೆಲವರು ನಿಜವೆಂದೇ ನಂಬಿದರು. ತಮಾಷೆ ಎಂದು ಗುರುತಿಸಲು ಏನಾದರೂ ಚಿಹ್ನೆ ಬೇಕು ಎಂಬ ಚರ್ಚೆ ನಡೆಯಿತು. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎರಡು ಚುಕ್ಕಿ, ಒಂದು ಅಡ್ಡಗೆರೆ, ಒಂದು ಆವರಣ ಸೇರಿಸಿ ಅಡ್ಡ ಮಲಗಿದ ನಗುಮುಖವನ್ನು ಸೂಚಿಸಿದರು.

ಗೆಳೆಯರ ನಡುವೆ ಇದು ಕೆಲಸ ಮಾಡುತ್ತದೆ. ಆಫೀಸಿನಲ್ಲಿ ಹಾಗಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಪರಿಚಯವಿಲ್ಲದವರಿಗೆ ಬರೆದ ಔಪಚಾರಿಕ ಮೇಲ್‌ನಲ್ಲಿ ಸ್ಮೈಲಿ ಹಾಕಿದರೆ ಬರೆದವರು ಆತ್ಮೀಯರಾಗಿ ಕಾಣಲಿಲ್ಲ, ಬದಲಿಗೆ ಅವರ ಸಾಮರ್ಥ್ಯದ ಬಗ್ಗೆ ಅಭಿಪ್ರಾಯ ಇಳಿಯಿತು. ಹಾಗಾಗಿ ಕಟುವಾದ ವಾಕ್ಯದ ಕೊನೆಗೆ ನಗುಮುಖ ಅಂಟಿಸುವುದಕ್ಕಿಂತ ವಾಕ್ಯವನ್ನೇ ತಿದ್ದುವುದು ಮೇಲು.

ಇಮೇಲ್‌ಗಾಗಿ ನಿಜವಾಗಿ ಕೆಲಸ ಹೋಗಿದೆಯೇ?

ಹೋಗಿದೆ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಲೆಕ್ಕಪತ್ರ ವಿಭಾಗದ ಮಹಿಳೆಯೊಬ್ಬರನ್ನು 2007ರಲ್ಲಿ ಕೆಲಸದಿಂದ ತೆಗೆಯಲಾಯಿತು. ಅವರ ಇಮೇಲ್‌ಗಳಲ್ಲಿ ದೊಡ್ಡಕ್ಷರ, ದಪ್ಪಕ್ಷರ, ಕೆಂಪು ಬಣ್ಣ ಬಳಸಿ ಜಗಳಕ್ಕೆ ಬಂದಂತೆ ಬರೆಯುತ್ತಾರೆ, ಇದರಿಂದ ಸಹೋದ್ಯೋಗಿಗಳ ನೆಮ್ಮದಿ ಕೆಡುತ್ತಿದೆ ಎಂಬುದು ಸಂಸ್ಥೆಯ ದೂರು. ಆದರೆ ಪುರಾವೆಯಾಗಿ ಒದಗಿಸಿದ ಮೇಲ್‌ನಲ್ಲಿ ಇದ್ದದ್ದು, ನಿಮ್ಮ ಹಣ ಪಾವತಿಯಾಗಬೇಕಾದರೆ ಈ ಪಟ್ಟಿಯಂತೆ ಅರ್ಜಿ ತುಂಬಿ ಎಂಬ ಸೂಚನೆ. ಇಮೇಲ್ ಹೇಗೆ ಬರೆಯಬೇಕು ಎಂಬ ನಿಯಮವೂ ಆ ಸಂಸ್ಥೆಯಲ್ಲಿ ಇರಲಿಲ್ಲ. ಅಲ್ಲಿನ ಉದ್ಯೋಗ ಸಂಬಂಧಗಳ ಪ್ರಾಧಿಕಾರ 2009ರಲ್ಲಿ ಈ ವಜಾ ಸಮರ್ಥನೀಯವಲ್ಲ ಎಂದು ಹೇಳಿ, 17,000 ನ್ಯೂಜಿಲೆಂಡ್ ಡಾಲರ್ ಪರಿಹಾರ ಕೊಡಿಸಿತು.

ಅವರು ಗೆದ್ದರು, ನಿಜ. ಆದರೆ ಎರಡು ವರ್ಷ ಹೋಯಿತು, ಸಾಲ ಮಾಡಿ ಹೋರಾಡಬೇಕಾಯಿತು. ಈ ಪ್ರಕರಣದಿಂದ ಎರಡು ವಿಷಯ ತಿಳಿಯುತ್ತದೆ. ದನಿಯ ಬಗೆಗಿನ ದೂರು ನಿಜವಾಗಿಯೂ ಕೆಲಸಕ್ಕೆ ಕುತ್ತು ತರಬಲ್ಲದು. ಅಂಥ ದೂರು ತನಿಖೆಗೆ ನಿಲ್ಲಬೇಕಾದರೆ ಪುರಾವೆ ಬೇಕು, ಸರಿಯಾದ ಕ್ರಮ ಬೇಕು.

ಇನ್ನೊಂದು ಕಡೆಯ ಉದಾಹರಣೆಯೂ ಇದೆ. 2012ರ ಏಪ್ರಿಲ್‌ನಲ್ಲಿ ಅವೀವಾ ಇನ್ವೆಸ್ಟರ್ಸ್ ಎಂಬ ಬ್ರಿಟಿಷ್ ಹೂಡಿಕೆ ಸಂಸ್ಥೆಯ ಸುಮಾರು 1,300 ಸಿಬ್ಬಂದಿಗೆ ಒಂದೇ ಸಲ ಮೇಲ್ ಬಂತು. ಕೆಲಸ ಬಿಡುವಾಗ ಕಂಪನಿಯ ವಸ್ತುಗಳನ್ನು ಒಪ್ಪಿಸಿ ಹೋಗಿ ಎಂಬುದು ಅದರ ಸಾರ. ಅದು ಹೋಗಬೇಕಿದ್ದದ್ದು ಒಬ್ಬರೇ ಒಬ್ಬರಿಗೆ. ಸ್ವಲ್ಪ ಹೊತ್ತಿನಲ್ಲೇ ಸಂಸ್ಥೆ ಎಲ್ಲರ ಕ್ಷಮೆ ಕೇಳಿತು. ಆ ಮೇಲ್ ಓದಿದ ತಕ್ಷಣ ಯಾರಾದರೂ ಮ್ಯಾನೇಜರ್‌ಗೆ ನಾಲ್ಕು ಕಟುಮಾತು ಬರೆದಿದ್ದರೆ, ಕ್ಷಮೆಯ ಮೇಲ್ ಬಂದ ಮೇಲೂ ಅವರ ಮಾತುಗಳು ದಾಖಲೆಯಲ್ಲಿ ಉಳಿದೇ ಇರುತ್ತಿದ್ದವು.

ಕರ್ನಾಟಕದಲ್ಲಿ ಕಾನೂನು ಏನು ಹೇಳುತ್ತದೆ?

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ಪ್ರಕಾರ, ಆರು ತಿಂಗಳು ನಿರಂತರವಾಗಿ ಕೆಲಸ ಮಾಡಿದ ಉದ್ಯೋಗಿಯನ್ನು ಸಮಂಜಸ ಕಾರಣವಿಲ್ಲದೆ ತೆಗೆಯುವಂತಿಲ್ಲ. ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡಬೇಕು. ದುರ್ನಡತೆಯ ಕಾರಣಕ್ಕೆ ನೋಟಿಸ್ ಇಲ್ಲದೆ ತೆಗೆಯಬೇಕಾದರೆ ಆ ದುರ್ನಡತೆ ವಿಚಾರಣೆಯಲ್ಲಿ ಸಾಬೀತಾಗಿರಬೇಕು. ಮೇಲ್ಮನವಿಗೂ ಅವಕಾಶವಿದೆ.

ಇದು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಆಡಳಿತ ನಿರ್ವಹಣೆಯ ಹುದ್ದೆಯಲ್ಲಿರುವವರು ಈ ಕಾಯ್ದೆಯ ಹೊರಗಿರುತ್ತಾರೆ. ಪ್ರೊಬೇಷನ್‌ನಲ್ಲಿ ಇರುವವರು, ಗುತ್ತಿಗೆ ನೌಕರರು ತಮ್ಮ ನೇಮಕಾತಿ ಪತ್ರದ ಷರತ್ತುಗಳನ್ನು ಮೊದಲು ಓದಬೇಕು. ಕಾರ್ಖಾನೆ, ಸರ್ಕಾರಿ ನೌಕರಿಗಳಿಗೆ ಬೇರೆ ನಿಯಮಗಳಿವೆ. ಆದರೂ "ಒಂದು ಮೇಲ್, ಮರುದಿನ ಮನೆಗೆ" ಎಂಬುದು ನಿಯಮವಲ್ಲ ಎಂಬುದಂತೂ ಸ್ಪಷ್ಟ. ಸಾಮಾನ್ಯವಾಗಿ ಮೊದಲು ಮಾತುಕತೆ, ನಂತರ ಲಿಖಿತ ಎಚ್ಚರಿಕೆ ಅಥವಾ ಶೋಕಾಸ್ ನೋಟಿಸ್, ಅದಕ್ಕೆ ನಿಮ್ಮ ಉತ್ತರ, ಬೇಕಿದ್ದರೆ ವಿಚಾರಣೆ. ಪ್ರತಿ ಹಂತದಲ್ಲೂ ನಿಮ್ಮ ಮಾತು ಹೇಳಲು ಜಾಗವಿದೆ.

ರಾಜೀನಾಮೆ ಕೊಟ್ಟರೆ ಈ ಹಂತಗಳೆಲ್ಲ ಇಲ್ಲವಾಗುತ್ತವೆ. ಏಕೆಂದರೆ ದಾಖಲೆಯಲ್ಲಿ ಅವರು ನಿಮ್ಮನ್ನು ತೆಗೆದಿಲ್ಲ, ನೀವೇ ಬಿಟ್ಟಿದ್ದೀರಿ. "ಅವರು ತೆಗೆಯುವ ಮುಂಚೆ ನೀವೇ ಕೊಟ್ಟುಬಿಡಿ" ಎಂಬ ಸಲಹೆಯಲ್ಲಿರುವ ಅಪಾಯ ಇದೇ.

ಈಗಾಗಲೇ ಕೊಟ್ಟುಬಿಟ್ಟಿದ್ದರೆ? ಎಲ್ಲವೂ ಮುಗಿದಿಲ್ಲ. ಕೊಂಕಣ ರೈಲ್ವೆಯ ಉದ್ಯೋಗಿಯೊಬ್ಬರು 2013ರಲ್ಲಿ ರಾಜೀನಾಮೆ ಬರೆದು, ನಂತರ ಅದನ್ನು ಹಿಂಪಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಉದ್ಯೋಗಿಯ ಪರ ತೀರ್ಪು ಕೊಟ್ಟಿತು. ರಾಜೀನಾಮೆ ಅಂಗೀಕಾರವಾಗಿದೆ ಎಂದು ಉದ್ಯೋಗಿಗೆ ತಿಳಿಸದೆ ಕಚೇರಿಯ ಒಳಗೇ ಬರೆದುಕೊಂಡ ಪತ್ರ ಅಂಗೀಕಾರವಾಗುವುದಿಲ್ಲ ಎಂಬುದು ಅಲ್ಲಿ ಮುಖ್ಯವಾಯಿತು. ಖಾಸಗಿ ಸಂಸ್ಥೆಗಳಲ್ಲಿ ಒಪ್ಪಂದದ ಷರತ್ತುಗಳೂ ಲೆಕ್ಕಕ್ಕೆ ಬರುವುದರಿಂದ ಪ್ರತಿ ಪ್ರಕರಣವೂ ಬೇರೆ. ಆದರೆ ಹಿಂಪಡೆಯುವ ಮನಸ್ಸಿದ್ದರೆ ತಡಮಾಡದೆ, ಬರಹದಲ್ಲೇ ತಿಳಿಸಬೇಕು.

ಮೊದಲ 24 ಗಂಟೆಯಲ್ಲಿ ಏನು ಮಾಡಬೇಕು?

1. ತಕ್ಷಣ ಉತ್ತರಿಸಬೇಡಿ. ಉತ್ತರ ಬರೆಯಲೇಬೇಕು ಅನಿಸಿದರೆ 'ಟು' ಜಾಗ ಖಾಲಿ ಬಿಟ್ಟು ಬರೆಯಿರಿ. ಕೈ ತಪ್ಪಿ ಒತ್ತಿದರೂ ಹೋಗುವುದಿಲ್ಲ.

2. ಪದ ಬೇರೆ, ಊಹೆ ಬೇರೆ ಮಾಡಿ. ಒಂದು ಹಾಳೆಯಲ್ಲಿ ಗೆರೆ ಎಳೆದು, ಎಡಕ್ಕೆ ಮೇಲ್‌ನಲ್ಲಿ ಇರುವ ಪದಗಳನ್ನು ಮಾತ್ರ ಬರೆಯಿರಿ, ಬಲಕ್ಕೆ ನಿಮಗೆ ಅನಿಸಿದ್ದನ್ನು ಬರೆಯಿರಿ. "ನಾಳೆ ಹತ್ತಕ್ಕೆ ಮಾತಾಡೋಣ" ಎಡಕ್ಕೆ ಬರುತ್ತದೆ. "ನನ್ನನ್ನು ತೆಗೆಯುತ್ತಾರೆ" ಬಲಕ್ಕೆ ಬರುತ್ತದೆ. ತೀರ್ಮಾನಗಳನ್ನು ಎಡಗಡೆ ಇರುವುದರ ಮೇಲೆ ಮಾತ್ರ ಮಾಡಿ.

3. ಬರಹ ಬಿಟ್ಟು ದನಿಗೆ ಬನ್ನಿ. ಮೇಲ್‌ನಿಂದ ಆದ ಗೊಂದಲವನ್ನು ಇನ್ನೊಂದು ಉದ್ದದ ಮೇಲ್ ಬಗೆಹರಿಸುವುದು ಕಷ್ಟ. ಫೋನ್ ಮಾಡಿ ಅಥವಾ ಎದುರಿಗೆ ಕೂತು ಮಾತಾಡಿ. ಕೇಳುವುದು ಹೀಗಿರಲಿ: "ನನ್ನ ಮೇಲ್ ಓದಿದಾಗ ನಿಮಗೆ ಯಾವ ಅರ್ಥ ಬಂತು, ಹೇಳ್ತೀರಾ?" ಅವರ ಉತ್ತರ ಪೂರ್ತಿ ಕೇಳಿದ ಮೇಲೆ ನಿಮ್ಮ ಉದ್ದೇಶ ಹೇಳಿ.

4. ಮಾತಾದ ಮೇಲೆ ನಾಲ್ಕು ಸಾಲು ಬರೆದಿಡಿ. ಉದಾಹರಣೆಗೆ: "ಇಂದು ಮಾತಾಡಿದ್ದಕ್ಕೆ ಧನ್ಯವಾದ. ನನ್ನ ಮೇಲ್ ಆರೋಪದಂತೆ ಕೇಳಿಸಿದ್ದಕ್ಕೆ ವಿಷಾದವಿದೆ, ಆ ಉದ್ದೇಶ ಇರಲಿಲ್ಲ. ನಾನು ಕೇಳಬೇಕೆಂದಿದ್ದು ಒಂದು ಮೊತ್ತದ ವಿವರ ಮಾತ್ರ. ಮುಂದೆ ಇಂಥ ಪ್ರಶ್ನೆಗಳನ್ನು ಮೊದಲು ಫೋನ್‌ನಲ್ಲಿ ಕೇಳುತ್ತೇನೆ." ಇದರಲ್ಲಿ ಪರಿಣಾಮಕ್ಕೆ ವಿಷಾದವಿದೆ, ಮಾಡದ ತಪ್ಪಿನ ಒಪ್ಪಿಗೆ ಇಲ್ಲ.

5. ಲಿಖಿತ ನೋಟಿಸ್ ಬಂದರೆ ಲಿಖಿತವಾಗಿಯೇ ಉತ್ತರಿಸಿ. ಕೊಟ್ಟ ಗಡುವಿನೊಳಗೆ, ಆರೋಪದ ಒಂದೊಂದು ಅಂಶಕ್ಕೂ ಬೇರೆ ಬೇರೆ ಉತ್ತರ ಕೊಡಿ. ಪೂರ್ತಿ ಮೇಲ್ ಸರಣಿಯನ್ನು ಉಲ್ಲೇಖಿಸಿ. ಒಂದು ಸಾಲು ಮಾತ್ರ ಕಿತ್ತು ತೋರಿಸಿದಾಗ ಕೆಟ್ಟದಾಗಿ ಕಂಡದ್ದು ಸರಣಿಯಲ್ಲಿ ಸಹಜವಾಗಿ ಕಾಣಬಹುದು.

6. ಒತ್ತಡದಲ್ಲಿ ಸಹಿ ಹಾಕಬೇಡಿ. "ಈಗಲೇ ರಾಜೀನಾಮೆ ಬರೆಯಿರಿ" ಎಂದರೆ, "ಯೋಚಿಸಿ, ಮನೆಯವರ ಜೊತೆ ಮಾತಾಡಿ ತಿಳಿಸುತ್ತೇನೆ" ಎನ್ನಲು ನಿಮಗೆ ಹಕ್ಕಿದೆ. ವಕೀಲರ ಸಲಹೆಗೆ ಹಣವಿಲ್ಲದಿದ್ದರೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ಕಾನೂನು ನೆರವಿಗೆ ಅರ್ಹರು.

ಸ್ಕ್ರೀನ್‌ಶಾಟ್ ಹಂಚುವ ಮುನ್ನ

ಗಾಬರಿಯಾದಾಗ ನಾವು ಮೊದಲು ಮಾಡುವುದು ಮೇಲ್‌ನ ಸ್ಕ್ರೀನ್‌ಶಾಟ್ ತೆಗೆದು "ಇದರರ್ಥ ಏನು ನೋಡಿ" ಎಂದು ಗೆಳೆಯರ ಗುಂಪಿಗೆ ಹಾಕುವುದು. ಬಹಳಷ್ಟು ನೇಮಕಾತಿ ಪತ್ರಗಳಲ್ಲಿ ಗೋಪ್ಯತೆಯ ಷರತ್ತು ಇರುತ್ತದೆ. ಕಂಪನಿಯ ಒಳಗಿನ ಮೇಲ್, ಕ್ಲೈಂಟ್ ಹೆಸರು, ಮೊತ್ತಗಳು ಹೊರಗೆ ಹೋದರೆ ಅದೇ ಒಂದು ಪ್ರತ್ಯೇಕ ದುರ್ನಡತೆಯಾಗುತ್ತದೆ. ಧಾಟಿಯ ಬಗೆಗಿನ ದೂರನ್ನು ಮಾತಾಡಿ ಸರಿಪಡಿಸಿಕೊಳ್ಳಬಹುದು. ಗೋಪ್ಯತೆ ಮುರಿದ ದೂರಿಗೆ ಉತ್ತರ ಹುಡುಕುವುದು ಕಷ್ಟ. ಸಲಹೆ ಬೇಕಿದ್ದರೆ ನಂಬುವ ಒಬ್ಬರಿಗೆ, ಹೆಸರು ವಿವರ ಇಲ್ಲದೆ, ಬಾಯಿಮಾತಿನಲ್ಲಿ ಹೇಳಿ.

ಇದೇ ಗಾಬರಿಯನ್ನು ವಂಚಕರೂ ಬಳಸಿಕೊಳ್ಳುತ್ತಾರೆ. "ನಿಮ್ಮನ್ನು ಕೆಲಸದಿಂದ ತೆಗೆಯಲಾಗಿದೆ, ವಿವರಕ್ಕೆ ಲಿಂಕ್ ಒತ್ತಿ" ಎಂಬ ನಕಲಿ ಮೇಲ್‌ಗಳಿವೆ. ಕಳಿಸಿದವರ ಪೂರ್ತಿ ವಿಳಾಸ ನೋಡಿ, ಲಿಂಕ್ ಒತ್ತದೆ ನೇರವಾಗಿ ಎಚ್‌ಆರ್‌ಗೆ ಫೋನ್ ಮಾಡಿ. ಹಣ ಕಳೆದುಕೊಂಡಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಮುಂದೆ ಹೀಗಾಗದಂತೆ ಏನು ಮಾಡಬಹುದು?

ಮೇಲೆ ಹೇಳಿದ 2005ರ ಅಧ್ಯಯನದಲ್ಲೇ ಒಂದು ಉಪಾಯ ಸಿಗುತ್ತದೆ. ತಾವು ಬರೆದದ್ದನ್ನು ಉದ್ದೇಶಕ್ಕೆ ವಿರುದ್ಧವಾದ ದನಿಯಲ್ಲಿ ಗಟ್ಟಿಯಾಗಿ ಓದಿದವರಿಗೆ, ತಮ್ಮ ಧಾಟಿ ಎಲ್ಲರಿಗೂ ತಿಳಿಯುತ್ತದೆ ಎಂಬ ಅತಿಯಾದ ಭರವಸೆ ಕಡಿಮೆಯಾಯಿತು. ಮುಖ್ಯವಾದ ಮೇಲ್ ಕಳಿಸುವ ಮುಂಚೆ ಒಂದು ಸಲ ಸಿಟ್ಟಿನ ದನಿಯಲ್ಲಿ ಓದಿಕೊಳ್ಳಿ. ಸಿಟ್ಟಿನಲ್ಲೂ ಚೆನ್ನಾಗಿ ಹೊಂದಿಕೊಂಡರೆ ಆ ವಾಕ್ಯ ಬದಲಿಸಿ. 'ಡೌಟ್' ಬದಲು 'ಕ್ವೆಶ್ಚನ್', 'ರಿವರ್ಟ್' ಬದಲು 'ರಿಪ್ಲೈ' ಬಳಸಿ. "ಇವತ್ತೇ ಬೇಕು" ಎನ್ನುವ ಕಡೆ ಕಾರಣವನ್ನೂ ಸೇರಿಸಿ: "ಸಂಜೆ ಐದಕ್ಕೆ ಬಿಲ್ ಹೋಗಬೇಕಿದೆ, ಅದಕ್ಕೆ ಇವತ್ತೇ ಕೇಳುತ್ತಿದ್ದೇನೆ."

ಇದನ್ನು ಓದುತ್ತಿರುವವರಲ್ಲಿ ಮ್ಯಾನೇಜರ್‌ಗಳೂ ಇರುತ್ತೀರಿ. "ನಾಳೆ ಮಾತಾಡೋಣ" ಎಂದು ಬರೆಯುವಾಗ ಯಾವುದರ ಬಗ್ಗೆ ಎಂಬ ಎರಡು ಪದ ಸೇರಿಸಿ. "ಗಾಬರಿಯಾಗುವ ವಿಷಯವಲ್ಲ" ಎಂದಿದ್ದರೆ ಅದನ್ನೂ ಬರೆಯಿರಿ. ನಿಮ್ಮ ಕೈಕೆಳಗಿನವರ ಮೇಲ್ ಒರಟಾಗಿ ಕಂಡರೆ, ಎಚ್‌ಆರ್‌ಗೆ ಸಿಸಿ ಹಾಕುವ ಮುಂಚೆ ಒಂದು ಫೋನ್ ಮಾಡಿ. ಇಂಗ್ಲಿಷ್ ಎಡವಿದ್ದಕ್ಕೂ ನಡತೆ ಎಡವಿದ್ದಕ್ಕೂ ಬಹಳ ವ್ಯತ್ಯಾಸವಿದೆ. ಆ ಕೆಲಸದ ಮೇಲೆ ಮನೆಯ ಬಾಡಿಗೆ, ಮಕ್ಕಳ ಫೀಸು, ಊರಿನಲ್ಲಿರುವ ಅಪ್ಪ ಅಮ್ಮನ ಔಷಧ ಎಲ್ಲವೂ ನಿಂತಿರಬಹುದು.

ನಮ್ಮ ತೀರ್ಮಾನ

"ಒಂದು ಮೇಲ್‌ನಿಂದ ಕೆಲಸ ಹೋಗುತ್ತದೆ" ಎಂಬುದು ಅರ್ಧಸತ್ಯ. "ಪದಗಳ ಪಾಲು ಶೇ. 7 ಮಾತ್ರ" ಎಂಬುದು ತಪ್ಪು ಅರ್ಥದಲ್ಲಿ ಹರಡಿದ ಲೆಕ್ಕ. "ಸ್ಮೈಲಿ ಹಾಕಿದರೆ ಸಾಕು" ಎಂಬುದಕ್ಕೆ ಆಫೀಸ್ ಮೇಲ್‌ಗಳ ವಿಷಯದಲ್ಲಿ ಆಧಾರವಿಲ್ಲ. "ಅವರು ತೆಗೆಯುವ ಮುಂಚೆ ನೀವೇ ರಾಜೀನಾಮೆ ಕೊಡಿ" ಎಂಬುದು ಹಾನಿಕರ ಸಲಹೆ. ನಿಮ್ಮ ಗುಂಪಿನಲ್ಲಿ ಇದು ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಫೋನ್ ಮಾಡಿ. ಆ ಸಲಹೆಯನ್ನು ಇವತ್ತು ರಾತ್ರಿಯೇ ಪಾಲಿಸಲು ಹೊರಟವರು ಅವರೇ ಇರಬಹುದು.